ಓದಿದ್ದು ತಿಳಿಯಿತೆಂದು ಹೇಳುವವರಾರು?

ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ದ ಅನೇಕ ತಾಯಂದಿರಿಗೆ ಒಂದು ಪರೀಕ್ಷೆ ಗೊತ್ತಿರುತ್ತದೆ. ನಿದ್ರಿಸುತ್ತಿರುವ ಹಸುಗೂಸಿನ ತಲೆಗೆ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಕಿವಿಗೆ ಶಬ್ದ ಕೇಳಿಸಿ, ಮೆದುಳಿನ ವಿದ್ಯುತ್ ಸಂಕೇತವನ್ನು ದಾಖಲಿಸುತ್ತಾರೆ. ಕೂಸು ಉತ್ತರ ಹೇಳಬೇಕಾಗಿಲ್ಲ.

ಹಾಗಾದರೆ ಓದುವ ಮಗುವಿಗೆ ಓದಿದ್ದು ಅರ್ಥವಾಯಿತೇ ಎಂಬುದನ್ನೂ ಹೀಗೆಯೇ ತಿಳಿಯಬಹುದೇ? ಸ್ವಲ್ಪ ಮಟ್ಟಿಗೆ ಹೌದು. 1980ರಲ್ಲಿ ಅಮೆರಿಕದ ಮಾರ್ತಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಎಂಬ ವಿಜ್ಞಾನಿಗಳು ಇದರ ದಾರಿ ತೋರಿಸಿದರು. ತಾಯಿ ಚಹಾಕ್ಕೆ ಹಾಕಿದ್ದು ಸಕ್ಕರೆ ಎಂದು ಓದಿದರೆ ಮೆದುಳು ಶಾಂತವಾಗಿ ಮುಂದೆ ಸಾಗುತ್ತದೆ. ಹಾಕಿದ್ದು ಇಟ್ಟಿಗೆ ಎಂದಿದ್ದರೆ, ಅರ್ಧ ಸೆಕೆಂಡು ಕಳೆಯುವ ಮೊದಲೇ ಒಂದು ಅಲೆ ದೊಡ್ಡದಾಗಿ ಏಳುತ್ತದೆ. ಅರ್ಥ ತಿಳಿಯದವನಿಗೆ ಸಕ್ಕರೆಯೂ ಒಂದೇ, ಇಟ್ಟಿಗೆಯೂ ಒಂದೇ. (ನಮ್ಮ ಮನೆಗಳಲ್ಲಿ ಕುರ್‌ಆನನ್ನು ಸರಾಗವಾಗಿ ಓದುವ ಮಗುವಿಗೆ ಎಷ್ಟು ತಿಳಿಯಿತೆಂದು ಅರಿಯಲು ಯಂತ್ರವೇನೂ ಬೇಕಿಲ್ಲ. ನಾವು ಕೇಳಿಯೇ ಇಲ್ಲ, ಅಷ್ಟೆ.)

ಮಾತು ಬಾರದ, ಕೈ ಸ್ವಾಧೀನವಿಲ್ಲದ ಮಗುವಿನ ಪಾಲಿಗೆ ಇದು ಸಣ್ಣ ವಿಷಯವಲ್ಲ. ಉತ್ತರಿಸಲಾರದವನನ್ನು ಬುದ್ಧಿಯಿಲ್ಲದವನೆಂದು ಎಷ್ಟು ಸುಲಭವಾಗಿ ಮೂಲೆಗೆ ಕೂರಿಸುತ್ತೇವೆ! ಅಂಥವನ ಪರವಾಗಿ ಯಂತ್ರವೊಂದು ಸಾಕ್ಷಿ ಹೇಳುವುದಾದರೆ ಬೇಡವೆನ್ನುವುದು ಅನ್ಯಾಯ.

ಆದರೆ ಅದೇ ಯಂತ್ರವನ್ನು ಮಗುವಿನ ವಿರುದ್ಧ ಸಾಕ್ಷಿಗೆ ನಿಲ್ಲಿಸಿದರೆ? ಆ ಅಲೆ ತೀರಾ ಕ್ಷೀಣ. ಹತ್ತಾರು ವಾಕ್ಯಗಳ ಸರಾಸರಿ ತೆಗೆದಾಗಲೇ ಅದು ಸ್ಪಷ್ಟವಾಗುವುದು. ಕಣ್ಣು ಮಿಟುಕಿಸಿದರೂ ದಾಖಲೆ ಕೆಡುತ್ತದೆ. ಅಲೆ ಕಾಣಲಿಲ್ಲವೆಂದ ಮಾತ್ರಕ್ಕೆ ಮಗುವಿಗೆ ತಿಳಿಯಲಿಲ್ಲವೆಂದು ತೀರ್ಪು ಕೊಡಲಾಗದು. ಪದವೊಂದು ಹೊಂದಲಿಲ್ಲವೆಂದು ಮೆದುಳು ಗುರುತಿಸುವುದು ಬೇರೆ, ಕಥೆಯ ತಾತ್ಪರ್ಯ ಮನಸ್ಸಿಗೆ ಇಳಿಯುವುದು ಬೇರೆ.

ಉಸಾಮ ಬಿನ್ ಝೈದ್(ರ)ರ ಘಟನೆ ಓದುಗರಿಗೆ ತಿಳಿದಿರಬಹುದು. ಯುದ್ಧದಲ್ಲಿ ಶತ್ರುವೊಬ್ಬ ಕಲಿಮಾ ಉಚ್ಚರಿಸಿದರೂ, ಪ್ರಾಣಭಯದಿಂದ ಹೇಳಿದನೆಂದು ಭಾವಿಸಿ ಅವರು ಅವನನ್ನು ಕೊಂದರು. ಅವನ ಹೃದಯವನ್ನು ಬಗೆದು ನೋಡಿದ್ದರೇ ಎಂದು ಪ್ರವಾದಿ(ಸ)ರು ಅವರನ್ನು ಕೇಳಿದರು. ಈಗ ಬಗೆಯದೆಯೇ ನೋಡುವ ಉಪಕರಣ ಬಂದಿದೆಯಲ್ಲ ಎನ್ನುವವರು, ಅದಕ್ಕೆ ಕಾಣುವುದು ವಿದ್ಯುತ್ತು ಮಾತ್ರ ಎಂಬುದನ್ನು ಮರೆಯುತ್ತಾರೆ.

ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಸಮ್ಮತಿಯಿಲ್ಲದೆ ಆರೋಪಿಯನ್ನು ಸಹ ಮೆದುಳಿನ ಪರೀಕ್ಷೆಗೆ ಒಳಪಡಿಸಬಾರದೆಂದು ಹೇಳಿತು. ಆರೋಪಿಗಿರುವ ರಕ್ಷಣೆ ಶಾಲೆಗೆ ಹೋಗುವ ಮಗುವಿಗೆ ಬೇಡವೇ? ಮಗುವಿನ ಪರವಾಗಿ ಸಹಿ ಹಾಕುವವರು ಹೆತ್ತವರು. ಫಲಿತಾಂಶವನ್ನು ಯಾರು ನೋಡುತ್ತಾರೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಅದನ್ನು ತೋರಿಸಿ ಮಗುವನ್ನು ತರಗತಿಯಿಂದ ಹೊರಗಿಡಬಹುದೇ ಎಂದು ಕೇಳಿ, ಉತ್ತರ ಸಿಕ್ಕ ಮೇಲೆಯೇ ಸಹಿ ಹಾಕಲಿ.