ಮೂರು ನಿಮಿಷಕ್ಕೆ ಎಷ್ಟು ನೀರು?

ಮೈಸೂರಿನ ಚಾಮರಾಜಪುರಂನ ಮನೆಗಳ ನಲ್ಲಿಗೆ ಮೀಟರಿದೆ. ಎಷ್ಟು ನೀರು ಬಳಸಿದೆವೆಂದು ಬಿಲ್ಲು ಹೇಳುತ್ತದೆ. ಇಲ್ಲಿಂದಲೇ ಚಾಮರಾಜನಗರದ ರೈಲು ಹತ್ತಿ ಅಶೋಕಪುರಂ, ಕಡಕೊಳ ದಾಟಿ ನಂಜನಗೂಡಿನತ್ತ ಹೋದರೆ ಬಾಳೆ, ತರಕಾರಿ ತೋಟಗಳಲ್ಲಿ ಹನಿ ನೀರಾವರಿಯ ಕಪ್ಪು ಪೈಪುಗಳು ಕಾಣುತ್ತವೆ. ಸಣ್ಣ ರೈತರಿಗೆ ಸರ್ಕಾರ ಇದಕ್ಕೆ ಶೇ. 90ರವರೆಗೂ ಸಹಾಯಧನ ಕೊಟ್ಟಿದೆ. ಅರ್ಜಿ, ಮಂಜೂರಾತಿ, ಅಳವಡಿಕೆ, ಸ್ಥಳ ಪರಿಶೀಲನೆ, ಫೋಟೊ ಎಲ್ಲ ಆಗುತ್ತದೆ. ಎರಡು ವರ್ಷ ಕಳೆದ ಮೇಲೆ ಸಾಲಿನ ಕೊನೆಯ ಗಿಡಕ್ಕೆ ನೀರು ಎಷ್ಟು ಸಿಗುತ್ತಿದೆ ಎಂದು ನೋಡಲು ಬರುವವರು ಮಾತ್ರ ತೀರಾ ಕಡಿಮೆ.

ನೋಡುವುದು ದೊಡ್ಡ ಕೆಲಸವೇನಲ್ಲ. ಪೈಪಿನಿಂದ ಹನಿ ಬಿಡುವ ಡ್ರಿಪ್ಪರ್ ಗಂಟೆಗೆ 4 ಲೀಟರ್ ಬಿಡುವಂಥದ್ದಾದರೆ ಮೂರು ನಿಮಿಷಕ್ಕೆ 200 ಮಿಲಿ ಲೀಟರ್ ಕೊಡಬೇಕು. ಗಿಡದ ಬುಡದಲ್ಲಿ ಸಣ್ಣ ಗುಂಡಿ ತೋಡಿ ಲೋಟ ಇಟ್ಟು, ಗಡಿಯಾರ ನೋಡಿ, ಹಿಡಿದ ನೀರನ್ನು ಅಳತೆ ಜಾಡಿಗೆ ಸುರಿದರಾಯಿತು. ನಾಲ್ಕು ಸಾಲು, ಸಾಲಿಗೆ ನಾಲ್ಕು ಕಡೆ, ಒಟ್ಟು 16 ಅಳತೆ. ಅವುಗಳಲ್ಲಿ ಅತಿ ಕಡಿಮೆ ಬಂದ ನಾಲ್ಕರ ಸರಾಸರಿಯನ್ನು ಹದಿನಾರರ ಸರಾಸರಿಗೆ ಹೋಲಿಸಬೇಕು. ಶೇ. 90 ಬಂದರೆ ತೋಟ ಚೆನ್ನಾಗಿದೆ. 60 ಬಂದರೆ ತೋಟದ ಒಂದು ಭಾಗ ಹಸಿದಿದೆ. ನೀರಾವರಿ ತಜ್ಞರಾದ ಜಾನ್ ಮೆರಿಯಂ, ಜ್ಯಾಕ್ ಕೆಲ್ಲರ್ ಅವರ 1978ರ ಕೈಪಿಡಿ ಹೊಲದ ನೀರಾವರಿಯನ್ನು ಅಳೆದು ನೋಡುವ ಇಂಥ ವಿಧಾನಗಳನ್ನು ವಿವರಿಸಿತ್ತು. ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದಿಂದ ಸಂಚಾರಿ ತಂಡಗಳು ಹೊಲಕ್ಕೇ ಹೋಗಿ ಅಳೆಯತೊಡಗಿದವು. ಅಂಥವರಿಗೆ ಪಾಠ ಹೇಳುವ ಒಂದು ಕೇಂದ್ರ ಅಲ್ಲಿನ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದಲ್ಲಿದೆ.

ಅಳೆಯುವುದನ್ನು ಯಾರು ಬೇಕಾದರೂ ಒಂದು ಬೆಳಗಿನಲ್ಲಿ ಕಲಿಯಬಹುದು. ಕಡಿಮೆ ಯಾಕೆ ಬಂತು ಎಂದು ಹೇಳುವುದಕ್ಕೆ ತರಬೇತಿ ಬೇಕು. ಇಡೀ ಸಾಲೇ ಸೊರಗಿದ್ದರೆ ಒತ್ತಡದ ಕೊರತೆ ಇರಬಹುದು: ವಾಲ್ವ್ ಅರ್ಧ ಮುಚ್ಚಿರುತ್ತದೆ, ಇಲ್ಲವೇ ಪೈಪು ಅಳತೆ ಮೀರಿ ಉದ್ದವಾಗಿರುತ್ತದೆ. ಅಲ್ಲೊಂದು ಇಲ್ಲೊಂದು ಡ್ರಿಪ್ಪರ್ ಸೊರಗಿದ್ದರೆ ಅದು ಕಟ್ಟಿಕೊಂಡಿದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಬಾಯಲ್ಲಿ ಬಿಳಿ ಸುಣ್ಣ, ಆಮ್ಲ ಹಾಯಿಸಬೇಕು. ಕೆರೆಯ ನೀರಾದರೆ ಪಾಚಿ, ಅದಕ್ಕೆ ಕ್ಲೋರಿನ್.

ಕಡಕೊಳದಾಚೆಯ ಒಂದು ಬಾಳೆ ತೋಟದಲ್ಲಿ, ಕಟ್ಟಿಕೊಂಡ ಡ್ರಿಪ್ಪರ್‌ಗಳನ್ನು ಪಿನ್ನಿನಿಂದ ಚುಚ್ಚಿ ತೂತು ದೊಡ್ಡದು ಮಾಡಿದ್ದನ್ನು ಕಂಡೆ. ಚುಚ್ಚಿದ ಕಡೆ ನೀರು ಧಾರೆಯಾಗಿ ಸುರಿದು ಬುಡ ಕೆಸರಾಗಿತ್ತು. ಸಾಲಿನ ತುದಿಯಲ್ಲಿ ಎಲೆಯಂಚು ಒಣಗಿತ್ತು. ತುದಿಗೆ ಸಾಲದು ಎಂದು ಮೋಟಾರನ್ನು ಇನ್ನೂ ಹೊತ್ತು ಓಡಿಸುತ್ತಾರೆ. ಆಗ ಮೊದಲ ಗಿಡಗಳಿಗೆ ಹಾಕಿದ ಗೊಬ್ಬರ ಬೇರಿಗೂ ಕೆಳಗೆ ಇಳಿದುಹೋಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ಈ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ, ಬೋರ್‌ವೆಲ್ ಬತ್ತಿದ ದಿನ ಕಾಣುತ್ತದೆ. ಆ ರೈತರನ್ನು ದೂರುವುದು ಅನ್ಯಾಯ. ಪಿನ್ನು ಬಿಟ್ಟು ಬೇರೆ ದಾರಿಯನ್ನು ಅವರಿಗೆ ಯಾರೂ ತೋರಿಸಿಲ್ಲ.

ಕೆರೆಗಳಿದ್ದ ಊರಿನಲ್ಲಿ ನೀರುಗಂಟಿ ಇರುತ್ತಿದ್ದ. ತೂಬಿನಿಂದ ಹೊರಟ ನೀರನ್ನು ಕೊನೆಯ ಗದ್ದೆಯವರೆಗೆ ಮುಟ್ಟಿಸುವುದು ಅವನ ಹೊಣೆ. ಪೈಪು ಬಂದಾಗ ಆ ಹೊಣೆಯನ್ನು ಯಾರಿಗೂ ವಹಿಸಲಿಲ್ಲ. ಧಾರವಾಡದ ವಾಲ್ಮಿ ಸಂಸ್ಥೆ ನೀರು ನಿರ್ವಹಣೆಯ ತರಬೇತಿ ಕೊಡುತ್ತಿದೆ. ನಂಜನಗೂಡು ತಾಲ್ಲೂಕಿನಲ್ಲೇ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ಡಿಪ್ಲೊಮಾ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರನ್ನು ಇಂಥ ಕಡೆ, ಕೋಣೆಯಲ್ಲಿ ಕೂರಿಸದೆ ತೋಟದಲ್ಲೇ ನಿಲ್ಲಿಸಿ ಈ ಅಳತೆ ಕಲಿಸಿದರೆ ಇದೊಂದು ಗೌರವದ ಉದ್ಯೋಗವಾಗುತ್ತದೆ. ಸಹಾಯಧನದ ಹಣದಲ್ಲೇ ಒಂದು ಸಣ್ಣ ಪಾಲನ್ನು ಮೂರನೇ ವರ್ಷದ ಅಳತೆಗೆಂದು ತೆಗೆದಿಡಲಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಅಳೆಯಲು ಯಾರಾದರೂ ಬಂದರೆ ನಾಳೆ ಮೀಟರು ಹಾಕಿ ದುಡ್ಡು ಕೇಳುತ್ತಾರೆಂಬ ಅಳುಕು ರೈತರಿಗೆ ಸಹಜ. ಆದ್ದರಿಂದ ಅಳತೆಯ ಹಾಳೆ ಕಚೇರಿಗೆ ಹೋಗುವ ಮೊದಲು, ಯಾವ ಫಿಲ್ಟರ್ ತೊಳೆಯಬೇಕು, ಯಾವ ಸಾಲು ಬದಲಿಸಬೇಕು ಎಂದು ಕನ್ನಡದಲ್ಲಿ ಬರೆದು, ಅದೇ ದಿನ ತೋಟದಲ್ಲೇ ಅವರ ಕೈಗೆ ಕೊಡಬೇಕು.