ಹುಲ್ಲಿನೊಳಗಿನ ಸಕ್ಕರೆ

ಭತ್ತದ ಕಾಳಿನಲ್ಲಿರುವುದೂ ಕಾಳು ಉದುರಿದ ಮೇಲೆ ಕಣದಲ್ಲಿ ಉಳಿಯುವ ಹುಲ್ಲಿನಲ್ಲಿರುವುದೂ ಬಹುಮಟ್ಟಿಗೆ ಒಂದೇ ಸಕ್ಕರೆ. ಇದನ್ನು ತಿಳಿದು ಎಷ್ಟೋ ಕಾಲವಾಯಿತು, ಬೆರಗು ಮಾತ್ರ ಇಳಿದಿಲ್ಲ. ಎರಡೂ ಗ್ಲೂಕೋಸ್ ಅಣುಗಳ ಉದ್ದುದ್ದ ಸರಗಳು. ಅಕ್ಕಿಯ ಪಿಷ್ಟದಲ್ಲಿ ಆ ಅಣುಗಳೆಲ್ಲ ಒಂದೇ ಕಡೆ ಮುಖ ಮಾಡಿ ಕೂಡಿಕೊಂಡಿವೆ. ಹಾಗಾಗಿ ಸರ ಸುರುಳಿ ಸುತ್ತುತ್ತದೆ, ನೀರಿಗೂ ಜೊಲ್ಲಿಗೂ ಸುಲಭವಾಗಿ ಒಳಗೆ ದಾರಿ ಸಿಗುತ್ತದೆ. ಅನ್ನದ ತುತ್ತನ್ನು ನುಂಗದೆ ಅಗಿಯುತ್ತಲೇ ಇದ್ದರೆ ಬಾಯಲ್ಲಿ ಸಿಹಿ ಏಳುವುದು ಇದರಿಂದಲೇ. ಹುಲ್ಲಿನ ಸೆಲ್ಯುಲೋಸಿನಲ್ಲಿ ಒಂದು ಅಣು ಮೇಲ್ಮುಖವಾಗಿದ್ದರೆ ಪಕ್ಕದ್ದು ಕೆಳಮುಖ. ಅಷ್ಟೇ ವ್ಯತ್ಯಾಸ. ಆದರೆ ಅಷ್ಟಕ್ಕೇ ಸರ ನೆಟ್ಟಗಾಗಿಬಿಡುತ್ತದೆ, ನೆಟ್ಟಗಿನ ಸರಗಳು ಒಂದರ ಮಗ್ಗುಲಿಗೊಂದು ಒತ್ತಿಕೊಂಡು ನೀರೂ ನುಸುಳದಂತೆ ಬಿಗಿಯುತ್ತವೆ. ಇಡೀ ದಿನ ಅಗಿದರೂ ಹುಲ್ಲು ನಮ್ಮ ಬಾಯಲ್ಲಿ ಸಿಹಿಯಾಗದು.

ಗಿಡದ ಕಡೆಯಿಂದ ಯೋಚಿಸಿದರೆ ಇದು ಎಂಥ ವಿವೇಕ! ಕಾಳು ನಾಳಿನ ಮೊಳಕೆಗೆ ಕಟ್ಟಿಟ್ಟ ಬುತ್ತಿ. ಹಸಿವಾದಾಗ ತಡವಿಲ್ಲದೆ ಬಿಚ್ಚಬೇಕು. ದಂಟು ಮಳೆಗಾಳಿಗೆ ಮೈಯೊಡ್ಡಿ ತೆನೆ ಹೊರಬೇಕು, ಅದು ಬಿಚ್ಚಲೇಬಾರದು. ಅದಕ್ಕೇ ಗಿಡ ಸೆಲ್ಯುಲೋಸಿನ ಎಳೆಗಳ ನಡುವೆ ಹೆಮಿಸೆಲ್ಯುಲೋಸನ್ನು ತುಂಬಿ, ಸಂದುಗೊಂದುಗಳಿಗೆಲ್ಲ ಲಿಗ್ನಿನ್ ಎಂಬ ಗಟ್ಟಿ ಅಂಟನ್ನು ಹರಿಸುತ್ತದೆ. ಭತ್ತವಂತೂ ಸಾಲದೆಂಬಂತೆ ಮಣ್ಣಿನಿಂದ ಸಿಲಿಕಾ ಹೀರಿ ಹುಲ್ಲಿನ ಮೈಗೆ ಲೇಪಿಸಿಕೊಳ್ಳುತ್ತದೆ. ಹುಲ್ಲು ಹೊರುವಾಗ ಕತ್ತು ಕೈಗಳಿಗೆ ಆಗುವ ಗೀರು ಬಲ್ಲವರಿಗೆ ಇದರ ಪರಿಚಯ ಇದ್ದೇ ಇದೆ.

ಈ ಗೋಡೆಯನ್ನು ಮನುಷ್ಯ ಆಮ್ಲದಿಂದ ಬಿಚ್ಚಿದ ಕಥೆಗೆ ಇನ್ನೂರು ವರ್ಷ ದಾಟಿದೆ. 1819ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಹಳೆಯ ನಾರುಬಟ್ಟೆಯ ಚಿಂದಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಸಕ್ಕರೆ ಪಡೆದ. ಸೆಲ್ಯುಲೋಸಿನ ಒಂದೊಂದು ಕೊಂಡಿ ಕಳಚುವಾಗಲೂ ಒಂದೊಂದು ನೀರಿನ ಅಣು ಬಂದು ಸೇರುತ್ತದೆ. ಲೆಕ್ಕದ ಪ್ರಕಾರ 100 ಗ್ರಾಂ ಸೆಲ್ಯುಲೋಸ್ ಪೂರ್ತಿ ಬಿಚ್ಚಿದರೆ ಸುಮಾರು 111 ಗ್ರಾಂ ಗ್ಲೂಕೋಸ್. ಒಡೆದದ್ದು ಮೊದಲಿಗಿಂತ ಹೆಚ್ಚು ತೂಗುತ್ತದೆ ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇಂದಿನವರು ಅಷ್ಟು ಉಗ್ರವಾದ ಆಮ್ಲ ಬಳಸುವುದಿಲ್ಲ. ಕತ್ತರಿಸಿದ ಹುಲ್ಲಿಗೆ ಶೇಕಡ ಒಂದರ ಆಸುಪಾಸಿನ ತೆಳು ಗಂಧಕಾಮ್ಲ ಹಾಕಿ, ಒತ್ತಡದ ಪಾತ್ರೆಯಲ್ಲಿ 150–200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವೇ ನಿಮಿಷ ಇಡುತ್ತಾರೆ. ಹೆಮಿಸೆಲ್ಯುಲೋಸ್ ಕರಗಿ ಹೊರಬರುತ್ತದೆ, ಲಿಗ್ನಿನ್ ಮೆತ್ತಗಾಗಿ ಸರಿಯುತ್ತದೆ, ಗೋಡೆಯಲ್ಲಿ ಸಣ್ಣ ಸಣ್ಣ ಕಂಡಿಗಳು ಬೀಳುತ್ತವೆ. ಆಮ್ಲದ ಬದಲು ಕ್ಷಾರ ಬಳಸುವುದೂ ಉಂಟು. ಅದು ಲಿಗ್ನಿನ್ನನ್ನೇ ಕರಗಿಸುತ್ತದೆ. ಯಾವ ದಾರಿಯಾದರೂ ಹದ ಬಲು ಸೂಕ್ಷ್ಮ. ಬಿಸಿ ಕಡಿಮೆಯಾದರೆ ಗೋಡೆ ಜಗ್ಗುವುದಿಲ್ಲ. ಆಮ್ಲದ ಜೊತೆ ಬಿಸಿ ಹೆಚ್ಚಾದರೆ ಬಿಡುಗಡೆಯಾದ ಸಕ್ಕರೆಯೇ ಕೆಟ್ಟು ಫರ್ಫುರಾಲ್‌ನಂಥ ವಿಷವಾಗುತ್ತದೆ, ಮುಂದೆ ಸಕ್ಕರೆಯನ್ನು ಹುದುಗಿಸಿ ಎಥನಾಲ್ ಮಾಡಬೇಕಾದ ಯೀಸ್ಟ್ ಅದರಲ್ಲಿ ಸೊರಗುತ್ತದೆ. ಬಲಪ್ರಯೋಗಕ್ಕೆ ಇಲ್ಲಿ ಮಿತಿಯುಂಟು ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಕಂಡಿ ಬಿದ್ದ ಮೇಲಿನ ಕೆಲಸ ಕಿಣ್ವಗಳದು. ಅವುಗಳ ಹುಟ್ಟಿನ ಕಥೆಯೂ ಸಣ್ಣದಲ್ಲ. ಎರಡನೇ ಮಹಾಯುದ್ಧದಲ್ಲಿ ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಬಟ್ಟೆಯ ಸಾಮಾನುಗಳೆಲ್ಲ ಕೊಳೆತುಹೋಗುತ್ತಿದ್ದವು. ಕೊಳೆಸುತ್ತಿದ್ದ ಬೂಷ್ಟನ್ನು ಸೇನೆಯ ಪ್ರಯೋಗಾಲಯ ಜೋಪಾನ ಮಾಡಿತು. ಅದನ್ನು ಅಭ್ಯಾಸ ಮಾಡಿದ ಎಲ್ವಿನ್ ರೀಸ್ ಹೆಸರಿನಿಂದ ಅದು ಟ್ರೈಕೊಡರ್ಮ ರೀಸೀ ಆಯಿತು. ಗುಡಾರ ಉಳಿಸಿಕೊಳ್ಳಲು ಹುಡುಕಿದ ಶತ್ರು ಇಂದು ಹುಲ್ಲಿನಿಂದ ಸಕ್ಕರೆ ಬಿಡಿಸುವ ಕಿಣ್ವಗಳ ದೊಡ್ಡ ಮೂಲ.

ನಮ್ಮ ದೇಶದಲ್ಲಿ ಇದೆಲ್ಲ ಒಂದೆಡೆ ಸೇರಿದ್ದು ಹರಿಯಾಣದ ಪಾಣಿಪತ್‌ನಲ್ಲಿ. ಇಂಡಿಯನ್ ಆಯಿಲ್‌ನ ಭತ್ತದ ಹುಲ್ಲಿನ ಎಥನಾಲ್ ಘಟಕ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವುದು ಉದ್ದೇಶ. ಎಂದರೆ ಟನ್ನಿಗೆ 150 ಲೀಟರ್. ಅಲ್ಲಿನ ರೈತನಿಗೆ ಭತ್ತ ಕೊಯ್ದು ಗೋಧಿ ಬಿತ್ತುವ ನಡುವೆ ಸಿಗುವುದು ಕೆಲವೇ ವಾರ. ಯಂತ್ರ ಕೊಯ್ದು ಬಿಟ್ಟುಹೋದ ಕೂಳೆಗೆ ಬೆಂಕಿ ಇಡುವುದೇ ಸುಲಭ, ಆ ಹೊಗೆ ದೆಹಲಿಯವರೆಗೂ ಮುಸುಕುತ್ತದೆ. ಉರಿದುಹೋಗುವ ಹುಲ್ಲಿನ ಒಂದು ಪಾಲಾದರೂ ಹೀಗೆ ಉಳಿದರೆ ನನಗೆ ಸಂತೋಷ.

ಆದರೆ ಇದೇ ಮಾತನ್ನು ನಮ್ಮ ಬಯಲುಸೀಮೆಗೆ ಹಾಗೇ ತಂದು ಹೇಳಲು ನಾಲಿಗೆ ಏಳದು. ಇಲ್ಲಿ ರಾಗಿ ಹುಲ್ಲಿನ, ಜೋಳದ ಸೊಪ್ಪೆಯ ಬಣವೆ ಎಂದರೆ ಬೇಸಿಗೆಗೆ ದನಗಳ ಜೀವ. ಹಸುವಿನ ಮೆಲುಕುಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು 39 ಡಿಗ್ರಿಯ ಒಡಲ ಬಿಸಿಯಲ್ಲೇ, ಗಂಧಕಾಮ್ಲದ ಹಂಗಿಲ್ಲದೆ, ಅದೇ ಸೆಲ್ಯುಲೋಸನ್ನು ಬಿಚ್ಚುತ್ತಿವೆ. ಅವಕ್ಕೆ ನೆರವಾಗಲೆಂದು ಪಶುವೈದ್ಯರು ಹೇಳಿಕೊಡುವ ಯೂರಿಯಾ ಉಪಚಾರವಿದೆ: ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡುವುದು. ಯೂರಿಯಾ ಅಮೋನಿಯಾ ಆಗುತ್ತದೆ, ಅಮೋನಿಯಾ ಲಿಗ್ನಿನ್ನಿನ ಹಿಡಿತ ಸಡಿಲಿಸುತ್ತದೆ. ಎಥನಾಲ್‌ಗಾಗಿ ಹುಲ್ಲು ಹದ ಮಾಡಲು ಅಮೋನಿಯಾ ಬಳಸುವ ವಿಜ್ಞಾನಿಗಳು ಮಾಡುವುದೂ ಮೂಲದಲ್ಲಿ ಇದನ್ನೇ. ಹಿತ್ತಲಿನಲ್ಲಿ ಟಾರ್ಪಾಲು ಹೊದಿಸಿ ಹುಲ್ಲು ಮಾಗಿಸುವ ಹೆಣ್ಣುಮಗಳೂ ಆ ರಸಾಯನಶಾಸ್ತ್ರದ ಪಾಲುದಾರಳು. ದನದ ಪಾಲು, ಮಣ್ಣಿಗೆ ಮರಳಬೇಕಾದ ಪಾಲು ತೆಗೆದಿಟ್ಟ ಮೇಲೆ ಉಳಿದರೆ ಮಾತ್ರ ಕಾರ್ಖಾನೆಯ ಲಾರಿಗೆ ತುಂಬೋಣ.

ಕೊನೆಗೂ ಸಕ್ಕರೆಯಾಗಲು ಒಪ್ಪದೆ ಉಳಿಯುವುದು ಲಿಗ್ನಿನ್. ಅದನ್ನು ಈ ಕಿಣ್ವಗಳೂ ಒಡೆಯವು, ಯೀಸ್ಟೂ ಮುಟ್ಟದು. ಇಂಥ ಘಟಕಗಳಲ್ಲಿ ಅದನ್ನು ಒಣಗಿಸಿ ಬಾಯ್ಲರಿಗೆ ಹಾಕುತ್ತಾರೆ. ಚೆನ್ನಾಗಿ ಉರಿಯುತ್ತದೆ. ಆ ಉರಿಯಿಂದ ಏಳುವ ಹಬೆಯೇ ಮುಂದಿನ ಹೊರೆ ಹುಲ್ಲಿನ ಗೋಡೆ ಬಿಚ್ಚುವುದಕ್ಕೆ ಹೋಗುತ್ತದೆ.