ಕೈಯಲ್ಲಿರುವ ಸಸಿ

ಏಪ್ರಿಲ್ ತಿಂಗಳಲ್ಲಿ ತಿಕೋಟಾದ ದ್ರಾಕ್ಷಿ ತೋಟ ನೋಡಿದ ಹೊರಗಿನವರು ಯಾರೋ ಹಗೆ ಸಾಧಿಸಿದ್ದಾರೆ ಎಂದುಕೊಂಡಾರು. ಬಳ್ಳಿಗಳನ್ನೆಲ್ಲ ಬೋಳಾಗಿ ಕತ್ತರಿಸಿರುತ್ತಾರೆ. ಅಕ್ಟೋಬರಿನಲ್ಲಿ ಇನ್ನೊಮ್ಮೆ ಚಾಟಣಿ. ಹಣ್ಣು ಆ ಬಳಿಕ. ಬರದ ವರ್ಷಗಳಲ್ಲಿ ಇವೇ ಬಳ್ಳಿಗಳಿಗೆ ಟ್ಯಾಂಕರ್ ನೀರು ಕೊಂಡು ಹಾಯಿಸಿದವರಿದ್ದಾರೆ. ಮಳೆಯ ಖಾತ್ರಿ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಕನ್ನಡ ಬೈಬಲಿನ 'ನಿರೀಕ್ಷೆ' ಎಂಬ ಪದ ಕಂಡಾಗ ನಮಗೆ ಈ ತೋಟಗಳು ನೆನಪಾಗುತ್ತವೆ. ಕಾಯುವುದೂ ಭರವಸೆಯೂ ಆ ಒಂದೇ ಪದದಲ್ಲಿ ಕೂಡಿವೆ. ಈಸಾ ಮಸೀಹರು ಮರಳಿ ಬರುವರೆಂಬುದು ಕ್ರೈಸ್ತರಂತೆ ಮುಸ್ಲಿಮರ ನಂಬಿಕೆಯೂ ಹೌದು. ಅಂತ್ಯದ ಗಳಿಗೆ ದೇವರಿಗೆ ಮಾತ್ರ ಗೊತ್ತು ಎಂದು ಸುವಾರ್ತೆಯೂ ಕುರ್‌ಆನ್ ಕೂಡ ಹೇಳುತ್ತವೆ. ಆದರೂ ತಾರೀಖು ಹುಡುಕುವ ಚಟ ಮನುಷ್ಯನನ್ನು ಬಿಟ್ಟಿಲ್ಲ.

ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನ ಬರವು ನಿಶ್ಚಯವೆಂದು ನಂಬಿದರು. ಕೆಲವು ರೈತರು ಹೊಲದ ಆಲೂಗಡ್ಡೆಯನ್ನು ಅಗೆಯದೇ ಬಿಟ್ಟರು. ಮರುದಿನವೂ ಎಂದಿನಂತೆ ಬೆಳಗಾಯಿತು. ನಗುವುದು ಸುಲಭ. ಆದರೆ ಮನಮುರಿದ ಅವರಲ್ಲೇ ಒಂದು ಪಾಲಿನ ಜನ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತರಾದರು. ಕ್ರಿಸ್ತನು ಬೇಗ ಬರುವನೆಂದು ಇಂದಿಗೂ ನಂಬುವ ಇವರು ಶಾಲೆ, ಆಸ್ಪತ್ರೆಗಳನ್ನು ಕಟ್ಟುತ್ತಲೇ ಬಂದಿದ್ದಾರೆ. ಬೆಂಗಳೂರಿನ ಲೌರಿ ಶಾಲೆ ಇವರದೇ. ಲೋಕ ಬೇಗ ಮುಗಿಯುವುದಾದರೆ ಒಂದನೇ ತರಗತಿಗೆ ಕೋಣೆ ಏಕೆ? ತರ್ಕಕ್ಕೆ ಇದು ಒಗ್ಗುವುದಿಲ್ಲ. ನಮಗಂತೂ ಅವರ ನಂಬಿಕೆಯಲ್ಲಿ ಅತ್ಯಂತ ಗಟ್ಟಿಯಾದುದು ಈ ಒಗ್ಗದ ಭಾಗವೇ ಎನಿಸುತ್ತದೆ.

ಕೊನೆ ತಿಳಿಯಿತೆಂದುಕೊಂಡವನ ಇನ್ನೊಂದು ಮುಖ ನಮ್ಮ ಹತ್ತಿರವೇ ಇದೆ. ವಿಜಯಪುರದ ಪಶ್ಚಿಮಕ್ಕೆ ಸಾಠ್ ಕಬರ್ ಎಂಬಲ್ಲಿ ಸಾಲು ಸಾಲು ಗೋರಿಗಳಿವೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫ್ಜಲ್ ಖಾನ್, ನೀನು ಮರಳಿ ಬರುವುದಿಲ್ಲವೆಂದು ಜ್ಯೋತಿಷಿ ನುಡಿದದ್ದಕ್ಕೆ, ತನ್ನ ಹೆಂಡಂದಿರನ್ನು ಬಾವಿಗೆ ನೂಕಿಸಿದನೆಂಬುದು ಊರವರ ಕಥೆ. ಕಥೆಯೇ ಇರಲಿ. ಅದನ್ನು ಹೇಳಿಕೊಂಡು ಬಂದ ಜನಕ್ಕೆ ಒಂದು ಸಂಗತಿ ಗೊತ್ತಿತ್ತು: ತನ್ನ ಕೊನೆಯ ಲೆಕ್ಕ ಕೈಗೆ ಸಿಕ್ಕಿತೆಂದುಕೊಂಡವನು ಇತರರ ಬಾಳನ್ನೂ ಅದರೊಳಗೆ ಸೇರಿಸಿ ಮುಗಿಸಿಬಿಡುತ್ತಾನೆ.

ಕೈಯಲ್ಲಿ ಸಸಿ ಇರುವಾಗ ಕಿಯಾಮತ್ ಬಂದರೂ ಸಾಧ್ಯವಾದರೆ ಅದನ್ನು ನೆಟ್ಟುಬಿಡಿ ಎಂಬುದು ಪ್ರವಾದಿಯವರ (ಸ) ಬೋಧನೆ. ಇಂಥದೇ ಸೇಬಿನ ಸಸಿಯ ಮಾತೊಂದನ್ನು ಮಾರ್ಟಿನ್ ಲೂಥರನದೆಂದು ಹೇಳುತ್ತಾರೆ. ಆದರೆ ಅದು ಬರಹದಲ್ಲಿ ಮೊದಲು ಸಿಗುವುದು 1944ರಲ್ಲಿ, ಬಾಂಬುಗಳ ಕೆಳಗಿದ್ದ ಜರ್ಮನಿಯಲ್ಲಿ. ಯಾರಿಗೆ ಆ ಮಾತು ಬೇಕಾಗಿತ್ತೋ ಅವರು ಅದನ್ನು ಹಿರಿಯನೊಬ್ಬನ ಬಾಯಲ್ಲಿಟ್ಟಿರಬೇಕು. ಹಣ್ಣು ತಿನ್ನುವವರೇ ಇಲ್ಲದಿದ್ದರೆ ಸಸಿ ಏಕೆ ಎಂದು ಕೇಳಬಹುದು. ಸಸಿ ಕೈಯಲ್ಲಿದೆ, ಅದು ಅಮಾನತ್. ಹಣ್ಣಿನ ಮಾತು ನಮಗೆ ಸೇರಿದ್ದಲ್ಲ.

ಕಿಯಾಮತ್‌ನ ಕುರುಹುಗಳ ಪಟ್ಟಿ ಈಗ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಭೂಕಂಪ, ಯುದ್ಧ, ಎತ್ತರದ ಕಟ್ಟಡ ಎಲ್ಲವೂ ಅದರಲ್ಲಿವೆ. ಕಳಿಸಿದವರು ಕಿರಾಣಿ ಅಂಗಡಿಗೆ ಕೊಡಬೇಕಾದ ಬಾಕಿ, ತಂಗಿಗೆ ಸೇರಬೇಕಾದ ಹೊಲದ ಪಾಲು ಮಾತ್ರ ಅದರಲ್ಲಿ ಇರುವುದಿಲ್ಲ.